ಲೇತಿನ ಚೇಂಜ್ ಗೇರ್ ಮನೆಯಲ್ಲೇ ಮಾಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಲೇತ್ ಕೊಂಡವರಿಗೆ ಈ ತಲೆನೋವು ಗೊತ್ತು. ಬೆಡ್ ಚೆನ್ನಾಗಿದೆ, ಸ್ಪಿಂಡಲ್ ಗಟ್ಟಿಯಾಗಿದೆ, ಆದರೆ ಗೇರ್ ಸೆಟ್ಟಿನಲ್ಲಿ ಎರಡು ಮೂರು ಕಾಣೆ, ಒಂದರ ಹಲ್ಲು ಮುರಿದಿದೆ. ಮಾಡಿದ ಕಂಪನಿ ಎಂದೋ ಮುಚ್ಚಿರುತ್ತದೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳು ಇವತ್ತಿಗೂ ಎಷ್ಟೋ ಶೆಡ್ಡುಗಳಲ್ಲಿ ಓಡುತ್ತಿವೆ, ಆದರೆ ಕಳೆದುಹೋದ ಗೇರಿಗೆ ಫ್ಯಾಕ್ಟರಿಗೆ ಪತ್ರ ಬರೆಯುವ ಕಾಲ ಮುಗಿದಿದೆ. ಪಂಜಾಬಿನ ಬಟಾಲಾ, ಲೂಧಿಯಾನದ ಹಳೆಯ ಲೇತುಗಳ ಕತೆಯೂ ಹೆಚ್ಚುಕಮ್ಮಿ ಅದೇ. ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಚೇಂಜ್ ಗೇರ್ ಅಂದರೆ ಯಾವುದು?

ಲೇತಿನ ಎಡಗಡೆ ಮುಚ್ಚಳ ತೆಗೆದರೆ ಸ್ಪಿಂಡಲ್‌ನಿಂದ ಲೀಡ್ ಸ್ಕ್ರೂವರೆಗೆ (ಟೂಲನ್ನು ಮುಂದೆ ಸರಿಸುವ ಉದ್ದದ ತಿರುಪು) ಗೇರುಗಳ ಸಾಲು ಕಾಣುತ್ತದೆ. ಬೇರೆ ಬೇರೆ ಥ್ರೆಡ್ ಕೊರೆಯಲು ಬಿಚ್ಚಿ ಬದಲಾಯಿಸುವ ಗೇರುಗಳು ಅವೇ. 1800ರ ಆಸುಪಾಸಿನಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್ಲಿ ಮಾಡಿದ ಥ್ರೆಡ್ ಕೊರೆಯುವ ಲೇತಿನಲ್ಲೂ ಇದೇ ಏರ್ಪಾಡು ಇತ್ತು.

ಮನೆಯಲ್ಲಿ ಮಾಡಿದ ಗೇರ್ ನಿಜವಾಗಿ ಕೆಲಸಕ್ಕೆ ಬರುತ್ತದಾ?

ಖಂಡಿತ ಬರುತ್ತದೆ. ಈ ಗೇರುಗಳು ನಿಧಾನಕ್ಕೆ ತಿರುಗುತ್ತವೆ, ಅವುಗಳ ಮೇಲೆ ಬೀಳುವ ಭಾರವೂ ಕಡಿಮೆ. ಕಾರಿನ ಗೇರ್ ಬಾಕ್ಸಿಗೆ ಬೇಕಾದ ನಿಖರತೆ ಇಲ್ಲಿ ಬೇಕಿಲ್ಲ.

ಒಂದು ವಿಷಯ ಮಾತ್ರ ತಪ್ಪಬಾರದು, ಅದು ಹಲ್ಲಿನ ಲೆಕ್ಕ. 45 ಹಲ್ಲು ಅಂದರೆ 45 ಇರಲೇಬೇಕು. ಲೆಕ್ಕ ಸರಿ ಇದ್ದರೆ ಹಲ್ಲಿನ ಆಕಾರ ಸ್ವಲ್ಪ ಆಚೀಚೆ ಇದ್ದರೂ ಥ್ರೆಡ್ಡಿನ ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರ) ಒಟ್ಟಾರೆ ಸರಿಯಾಗಿಯೇ ಬರುತ್ತದೆ, ಏಕೆಂದರೆ ಗೇರ್ ಒಂದು ಸುತ್ತು ಮುಗಿಸುವಾಗ ಅಷ್ಟೇ ಹಲ್ಲು ದಾಟಿರುತ್ತದೆ. ನಡುವೆ ಸಣ್ಣ ಏರಿಳಿತ ಇರಬಹುದು. ಅದೆಷ್ಟು ಅಂತ ಲೆಕ್ಕ ಹಾಕಿ ನೋಡೋಣ. 50 ಮಿಮೀ ಪಿಚ್ ವ್ಯಾಸದ (ಹಲ್ಲುಗಳು ಒಂದಕ್ಕೊಂದು ಕೂಡುವ ವೃತ್ತದ ವ್ಯಾಸ) ಗೇರಿನ ಬೋರ್, ಅಂದರೆ ನಡುವಿನ ತೂತು, 0.1 ಮಿಮೀ ನಡು ತಪ್ಪಿದೆ ಅಂದುಕೊಳ್ಳಿ. 6 ಮಿಮೀ ಪಿಚ್ಚಿನ ಲೀಡ್ ಸ್ಕ್ರೂ ಮೇಲೆ ಆ ಗೇರ್ ಕೂತರೆ ಟೂಲ್ ಹಿಂದೆ ಮುಂದೆ ಆಗುವುದು ಸುಮಾರು 0.004 ಮಿಮೀ. ಬೋಲ್ಟ್, ಪೈಪಿನ ಥ್ರೆಡ್ಡಿಗೆ ಇದು ಲೆಕ್ಕಕ್ಕೇ ಇಲ್ಲ. ಹಾಗಂತ ಬೋರ್ ನಡು ತಪ್ಪಿದರೂ ಪರವಾಗಿಲ್ಲ ಎಂದುಕೊಳ್ಳಬೇಡಿ. ಅಂಥ ಗೇರ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗಿ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ.

ಯಾವ ಗೇರ್ ಇಲ್ಲ, ಯಾವುದು ಮೊದಲು ಬೇಕು ಅಂತ ತಿಳಿಯುವುದು ಹೇಗೆ?

ಐಟಿಐಯಲ್ಲಿ ಟರ್ನರ್ ಕಲಿತವರಿಗೆ ಹಳೆಯ ಸೆಟ್ ನೆನಪಿರುತ್ತದೆ: 20ರಿಂದ 120ರವರೆಗೆ ಐದೈದು ಹಲ್ಲು ಏರುತ್ತಾ ಹೋಗುವ ಗೇರುಗಳು, ಜೊತೆಗೆ ಒಂದು 127. ಎಲ್ಲವೂ ನಿಮಗೆ ಬೇಕಿಲ್ಲ. ನೀವು ನಿಜವಾಗಿ ಕೊರೆಯುವ ಥ್ರೆಡ್‌ಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಲೀಡ್ ಸ್ಕ್ರೂ ಇಂಚಿಗೆ 4 ಥ್ರೆಡ್‌ನದು ಅಂತಿಟ್ಟುಕೊಳ್ಳಿ. ಡ್ರೈವರ್ (ತಿರುಗಿಸುವ ಗೇರ್) ಮೇಲೆ, ಡ್ರಿವನ್ (ಅದರಿಂದ ತಿರುಗುವ ಗೇರ್) ಕೆಳಗೆ ಬರೆದರೆ, ಅರ್ಧ ಇಂಚು ನೀರಿನ ಪೈಪಿನ 14 ಥ್ರೆಡ್‌ಗೆ 4/14, ಅಂದರೆ 20/70. ಒಂದು ಇಂಚು ಪೈಪಿನ 11ಕ್ಕೆ 20/55. ಅರ್ಧ ಇಂಚು ವಿಟ್‌ವರ್ತ್ ಬೋಲ್ಟಿನ 12ಕ್ಕೆ 20/60. ಇಷ್ಟು ಬರೆದ ಮೇಲೆ ಯಾವ ಸಂಖ್ಯೆ ಪದೇ ಪದೇ ಬರುತ್ತದೋ ಅದನ್ನು ಮೊದಲು ಮಾಡಿ. ಬಹಳ ಜನ ಇಡೀ ಸೆಟ್ ಮಾಡಲು ಹೊರಟು ಅರ್ಧಕ್ಕೆ ಬೇಸತ್ತು ಬಿಡುತ್ತಾರೆ. ಮೂರು ನಾಲ್ಕು ಗೇರಿನಲ್ಲಿ ನಿಮ್ಮ ಕೆಲಸ ನಡೆಯುತ್ತದೆ ಅಂದರೆ ಅಷ್ಟೇ ಸಾಕು.

ನನ್ನ ಗೇರ್ ಮಾಡ್ಯೂಲಾ, ಡಿಪಿಯಾ? ಹೇಗೆ ಪತ್ತೆ ಹಚ್ಚುವುದು?

ಎರಡೂ ಹಲ್ಲಿನ ಗಾತ್ರ ಹೇಳುವ ಅಳತೆಗಳು, ಮಾಡ್ಯೂಲ್ ಮಿಮೀ ಪದ್ಧತಿಯದು, ಡಿಪಿ (ಡಯಾಮೆಟ್ರಲ್ ಪಿಚ್) ಇಂಚಿನದು. ಇರುವ ಒಳ್ಳೆಯ ಗೇರಿನ ಹೊರ ವ್ಯಾಸ ಅಳೆಯಿರಿ, ಹಲ್ಲು ಎಣಿಸಿ. ಹಲ್ಲಿನ ಸಂಖ್ಯೆಗೆ 2 ಸೇರಿಸಿ, ಮಿಮೀ ವ್ಯಾಸವನ್ನು ಅದರಿಂದ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. 1, 1.25, 1.5 ಹೀಗೆ ಚೊಕ್ಕ ಅಂಕಿ ಬಂದರೆ ಮಾಡ್ಯೂಲ್ ಗೇರ್. ಚೊಕ್ಕ ಬರದಿದ್ದರೆ 25.4ನ್ನು ಆ ಅಂಕಿಯಿಂದ ಭಾಗಿಸಿ ನೋಡಿ. 16, 18, 20 ಬಂದರೆ ಅದು ಡಿಪಿ.

ಇಲ್ಲಿ ಎಡವುವುದು 1.25 ಮಾಡ್ಯೂಲ್ ಮತ್ತು 20 ಡಿಪಿ ನಡುವೆ. 20 ಡಿಪಿ ಅಂದರೆ 1.27 ಮಾಡ್ಯೂಲ್, ಕಣ್ಣಿಗೆ ಎರಡೂ ಒಂದೇ ಥರ. 40 ಹಲ್ಲಿನ ಗೇರಿನಲ್ಲಿ ನೋಡಿ: 1.25 ಮಾಡ್ಯೂಲಿಗೆ ಹೊರ ವ್ಯಾಸ 52.5 ಮಿಮೀ, 20 ಡಿಪಿಗೆ 53.34 ಮಿಮೀ. 0.84 ಮಿಮೀ ವ್ಯತ್ಯಾಸವನ್ನು ಸಾಮಾನ್ಯ ವರ್ನಿಯರ್ ಸಲೀಸಾಗಿ ತೋರಿಸುತ್ತದೆ. ಅದಕ್ಕೇ ಅಳೆಯಲು ದೊಡ್ಡ ಗೇರನ್ನೇ ಆರಿಸಿ. ಸಣ್ಣ ಗೇರಿನಲ್ಲಿ ವ್ಯತ್ಯಾಸ ಸಣ್ಣದು, ತಪ್ಪು ದೊಡ್ಡದು.

ಹಲ್ಲಿನ ಸಂಖ್ಯೆ ಬೆಸವಾಗಿದ್ದರೆ ವರ್ನಿಯರ್ ಕಡಿಮೆ ತೋರಿಸುತ್ತದೆ. ಒಂದು ಹಲ್ಲಿನ ಎದುರಿಗೆ ಹಲ್ಲಲ್ಲ, ಸಂದು ಇರುತ್ತದೆ ಅಲ್ವಾ? 21 ಹಲ್ಲಿನ 1 ಮಾಡ್ಯೂಲ್ ಗೇರ್ 23 ಮಿಮೀ ಇರಬೇಕು, ವರ್ನಿಯರ್ 22.87 ಅನ್ನುತ್ತದೆ. ಬೋರಿನ ಅಂಚಿನಿಂದ ಹಲ್ಲಿನ ತುದಿಯವರೆಗೆ ಅಳೆದು, ಎರಡರಿಂದ ಗುಣಿಸಿ, ಬೋರಿನ ವ್ಯಾಸ ಸೇರಿಸಿದರೆ ಸರಿಯಾದ ಅಳತೆ ಬರುತ್ತದೆ.

ನೆನಪಿಗೆ ಕೆಲವು: ಚೀನಾದ ಮಿನಿ ಲೇತುಗಳಲ್ಲಿ 1 ಮಾಡ್ಯೂಲ್, ಇಂಗ್ಲೆಂಡಿನ ಮೈಫೋರ್ಡ್ ಎಂಎಲ್ 7ರಲ್ಲಿ 20 ಡಿಪಿ, ಅಮೆರಿಕದ 9 ಇಂಚಿನ ಸೌತ್ ಬೆಂಡಿನಲ್ಲಿ 18 ಡಿಪಿ. ನಮ್ಮ ದೇಶದ ಲೇತುಗಳಲ್ಲಿ ಎರಡೂ ಪದ್ಧತಿ ಇವೆ, ಅಳೆಯದೆ ನಂಬಬೇಡಿ.

ಪ್ರೆಶರ್ ಆಂಗಲ್ 20 ಡಿಗ್ರಿಯೋ ಹದಿನಾಲ್ಕೂವರೆಯೋ? ಕಣ್ಣಿಗೆ ಗೊತ್ತಾಗುವುದಿಲ್ಲವಲ್ಲ.

ಪ್ರೆಶರ್ ಆಂಗಲ್ ಅಂದರೆ ಹಲ್ಲಿನ ಪಕ್ಕೆಯ ಓರೆ ಎಷ್ಟು ಅಂತ ಹೇಳುವ ಕೋನ. ಕಣ್ಣಿಗೆ ಗೊತ್ತಾಗುವುದು ಕಷ್ಟ. ಬುಡ ಅಗಲ, ತುದಿ ಚೂಪು ಇದ್ದರೆ 20 ಎನ್ನುತ್ತಾರೆ. ಸವೆದ ಗೇರಿನಲ್ಲಿ ಅದು ನಡೆಯುವುದಿಲ್ಲ. ವರ್ನಿಯರಿನಿಂದ ಪಕ್ಕಾ ತಿಳಿಯುವ ದಾರಿ ಒಂದಿದೆ, ನನಗೆ ಬಹಳ ಇಷ್ಟವಾದದ್ದು.

ವರ್ನಿಯರಿನ ಎರಡು ದವಡೆಗಳ ನಡುವೆ ನಾಲ್ಕು ಹಲ್ಲು ಹಿಡಿದು ಅಳೆಯಿರಿ. ದವಡೆಗಳು ಹಲ್ಲಿನ ಪಕ್ಕೆಗೆ ತಾಗಬೇಕು, ಬುಡಕ್ಕೆ ಮುಟ್ಟಬಾರದು. ಆಮೇಲೆ ಐದು ಹಲ್ಲು ಹಿಡಿದು ಅಳೆಯಿರಿ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಉಳಿದ ಅಂಕಿ ಪೈ, ಮಾಡ್ಯೂಲ್ ಮತ್ತು ಕೋನದ ಕೊಸೈನ್ ಮೂರರ ಗುಣಲಬ್ಧ. 20 ಡಿಪಿ ಗೇರಿನಲ್ಲಿ ಅದು 3.86 ಬಂದರೆ ಕೋನ ಹದಿನಾಲ್ಕೂವರೆ, 3.75 ಬಂದರೆ 20. 1.25 ಮಾಡ್ಯೂಲ್, 20 ಡಿಗ್ರಿಗೆ 3.69. 1 ಮಾಡ್ಯೂಲ್, 20 ಡಿಗ್ರಿಗೆ 2.95. 18 ಡಿಪಿ, ಹದಿನಾಲ್ಕೂವರೆಗೆ 4.29. ಹಲ್ಲು ಒಂದೇ ಸಮ ಸವೆದಿದ್ದರೂ ಕಳೆಯುವಾಗ ಆ ಸವೆತ ಹೊಡೆದುಹೋಗುತ್ತದೆ, ಅದೇ ಇದರ ಚೆಂದ. ಗೇರಿನ ಮೂರು ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ.

ಎರಡು ಕೋನದ ಗೇರುಗಳನ್ನು ಬೆರೆಸಿದರೆ ಏನಾಗುತ್ತದೆ ಅಂತಲೂ ಕೇಳುತ್ತಾರೆ. ತಿರುಗುವುದೇನೋ ತಿರುಗುತ್ತದೆ, ಆದರೆ ಗರಗರ ಎನ್ನುತ್ತದೆ, ಬೇಗ ಸವೆಯುತ್ತದೆ. ಒಂದು ಅರ್ಜೆಂಟ್ ಕೆಲಸಕ್ಕೆ ಸರಿ, ಖಾಯಂ ಬೇಡ.

ಮೆಟ್ರಿಕ್ ಥ್ರೆಡ್ಡಿಗೆ 127 ಹಲ್ಲಿನ ಗೇರ್ ಬೇಕೇ ಬೇಕಾ?

ಇಂಚಿನ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ ಮೆಟ್ರಿಕ್ ಥ್ರೆಡ್ ಒಂದಿಷ್ಟೂ ವ್ಯತ್ಯಾಸವಿಲ್ಲದೆ ಬರಬೇಕಾದರೆ 127 ಬೇಕು. ಒಂದು ಇಂಚು 25.4 ಮಿಮೀ, ಐದು ಇಂಚು 127 ಮಿಮೀ, ಅಲ್ಲಿಂದ ಬಂದ ಸಂಖ್ಯೆ ಅದು. 4 ಥ್ರೆಡ್ ಲೀಡ್ ಸ್ಕ್ರೂನಲ್ಲಿ ಲೆಕ್ಕವೂ ಸುಲಭ: ಬೇಕಾದ ಪಿಚ್ಚನ್ನು 20ರಿಂದ ಗುಣಿಸಿದರೆ ಡ್ರೈವರ್, ಡ್ರಿವನ್ 127. 1.5 ಮಿಮೀಗೆ 30/127, 2 ಮಿಮೀಗೆ 40/127.

ಆದರೆ ಮನೆಯಲ್ಲಿ ಮಾಡುವವರಿಗೆ 127ರಲ್ಲಿ ಎರಡು ತೊಂದರೆ. ಒಂದು, ಅದು ಅವಿಭಾಜ್ಯ ಸಂಖ್ಯೆ, ಡಿವೈಡಿಂಗ್ ಹೆಡ್ಡಿನ (ಸುತ್ತನ್ನು ಸಮಭಾಗ ಮಾಡುವ ಸಾಧನ) ಮಾಮೂಲಿ ತೂತಿನ ಪ್ಲೇಟಿನಲ್ಲಿ ಸಿಗುವುದಿಲ್ಲ. ಎರಡು, ದೊಡ್ಡದು. 20 ಡಿಪಿಯಲ್ಲಿ 127 ಹಲ್ಲಿನ ಗೇರಿನ ಹೊರ ವ್ಯಾಸ ಹತ್ತಿರ ಹತ್ತಿರ 164 ಮಿಮೀ. ಸಣ್ಣ ಲೇತಿನ ಮುಚ್ಚಳದೊಳಗೆ ಹಿಡಿಯುವುದೇ ಕಷ್ಟ.

ಅದಕ್ಕೆ ನನ್ನ ಸಲಹೆ 63. 80ನ್ನು 63ರಿಂದ ಭಾಗಿಸಿದರೆ 1.26984, ಬೇಕಾದದ್ದು 1.27. ವ್ಯತ್ಯಾಸ 0.0125 ಶೇಕಡಾ. 25 ಮಿಮೀ ಉದ್ದದ ಥ್ರೆಡ್ಡಿನಲ್ಲಿ 0.003 ಮಿಮೀ, 300 ಮಿಮೀ ಉದ್ದಕ್ಕೆ 0.04 ಮಿಮೀ ಕೂಡ ಆಗುವುದಿಲ್ಲ. ಹಳೆಯ ಲೇತಿನ ಸವೆದ ಲೀಡ್ ಸ್ಕ್ರೂನಲ್ಲೇ ಅದಕ್ಕಿಂತ ಜಾಸ್ತಿ ತಪ್ಪು ಇರುತ್ತದೆ. 4 ಥ್ರೆಡ್ ಲೀಡ್ ಸ್ಕ್ರೂನಲ್ಲಿ 2 ಮಿಮೀ ಪಿಚ್ಚಿಗೆ ಡ್ರೈವರ್ 63 ಮತ್ತು 40, ಡ್ರಿವನ್ 80 ಮತ್ತು 100 ಹಾಕಿ. ಬರುವ ಪಿಚ್ 2.00025 ಮಿಮೀ. 1.5ಕ್ಕೆ 40ರ ಬದಲು 30. 63 ಹಲ್ಲಿನ 20 ಡಿಪಿ ಗೇರ್ ಬರೀ 82.55 ಮಿಮೀ, ಆರಾಮಾಗಿ ಹಿಡಿಯುತ್ತದೆ. 47 ಮತ್ತು 37ರ ಜೋಡಿಯೂ ನಡೆಯುತ್ತದೆ, ಅದರ ತಪ್ಪು 0.02 ಶೇಕಡಾ.

ಲೀಡ್ ಸ್ಕ್ರೂ ಮಾಡುವವರು, ಅಳತೆ ಸಾಧನಕ್ಕೆ ಉದ್ದ ಥ್ರೆಡ್ ಕೊರೆಯುವವರು 127 ಮಾಡಿಕೊಳ್ಳಲಿ. ಉಳಿದವರಿಗೆ 63 ಸಾಕು.

ಯಾವ ಲೋಹ ಒಳ್ಳೆಯದು?

ಎರಕದ ಕಬ್ಬಿಣ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸುಲಭಕ್ಕೆ ಕಟ್ ಆಗುತ್ತದೆ, ಸದ್ದು ಕಡಿಮೆ, ಎಣ್ಣೆ ಕಡಿಮೆ ಬಿದ್ದರೂ ತಡೆದುಕೊಳ್ಳುತ್ತದೆ. ಗುಜರಿಯಲ್ಲಿ ಸಿಗುವ ಹಳೆಯ ಪುಲ್ಲಿಯಿಂದಲೂ ಬ್ಲ್ಯಾಂಕ್ (ಇನ್ನೂ ಹಲ್ಲು ಕೊರೆಯದ ಬಿಲ್ಲೆ) ತೆಗೆಯಬಹುದು. ಮೇಲಿನ ಗಟ್ಟಿ ಪದರ ತೆಗೆಯುವವರೆಗೆ ಟೂಲ್ ಸ್ವಲ್ಪ ಒದ್ದಾಡುತ್ತದೆ, ಮೊದಲ ಕಟ್ ಆ ಪದರದ ಕೆಳಗೆ ಹೋಗುವಷ್ಟು ಆಳ ಇರಲಿ. ದೂಳು ಮಾತ್ರ ವಿಪರೀತ. ಬೆಡ್ ಮೇಲೆ ಕಾಗದ ಹಾಸಿ, ಮುಖಕ್ಕೆ ಮಾಸ್ಕ್ ಹಾಕಿ.

ಸಣ್ಣ ಗೇರುಗಳಿಗೆ, ಅಂದರೆ 20, 25 ಹಲ್ಲಿನವಕ್ಕೆ, ಇಎನ್ 8 ಉಕ್ಕು ಒಳ್ಳೆಯದು. ಅವು ಜಾಸ್ತಿ ಸುತ್ತುತ್ತವೆ, ಬೇಗ ಸವೆಯುತ್ತವೆ. ಅಲ್ಯೂಮಿನಿಯಂ ಕಟ್ ಮಾಡಲು ಸುಲಭ, ಎಚ್‌ಇ 30 ಸಿಕ್ಕರೆ ತೆಗೆದುಕೊಳ್ಳಿ. ಆದರೆ ಅಲ್ಯೂಮಿನಿಯಂ ಗೇರಿಗೆ ಅಲ್ಯೂಮಿನಿಯಂ ಗೇರನ್ನೇ ಜೋಡಿ ಮಾಡಬೇಡಿ, ಎರಡೂ ಕಿತ್ತುಕೊಂಡು ಹೋಗುತ್ತವೆ. ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಮತ್ತು ಹೈಲಮ್ (ರಾಳ ಹಾಕಿ ಒತ್ತಿದ ಹಲಗೆ) ಸದ್ದಿಲ್ಲದೆ ಓಡುತ್ತವೆ. ಸಾಲಿನಲ್ಲಿ ಒಂದು ಗೇರ್ ಡೆಲ್ರಿನ್ನಿನದು ಇದ್ದರೆ ಕ್ಯಾರೇಜ್ (ಟೂಲ್ ಹೊತ್ತು ಸರಿಯುವ ಭಾಗ) ಚಕ್ಕಿಗೆ ಗುದ್ದಿದ ದಿನ ಆ ಗೇರ್ ಹೋಗುತ್ತದೆ, ಕ್ಯಾರೇಜಿನ ಮುಂದಿರುವ ಏಪ್ರನ್ ಉಳಿಯುತ್ತದೆ. ಇದು ಬಹಳ ಒಳ್ಳೆಯ ವಿಮೆ.

ಬ್ಲ್ಯಾಂಕ್ ತಯಾರಿಯಲ್ಲಿ ಯಾವುದಕ್ಕೆ ಗಮನ ಕೊಡಬೇಕು?

ಮೊದಲು ಬೋರ್. ಡ್ರಿಲ್ ಮಾಡಿ, ಬೋರಿಂಗ್ ಟೂಲಿನಲ್ಲಿ ನೇರ ಮಾಡಿ, ಕೊನೆಗೆ ರೀಮರ್. ಆಮೇಲೆ ಆ ಬೋರಿಗೆ ಸರಿಹೊಂದುವ ಮ್ಯಾಂಡ್ರೆಲ್ (ಬ್ಲ್ಯಾಂಕ್ ಹಿಡಿಯುವ ದಂಡ) ಮೇಲೆ ಬ್ಲ್ಯಾಂಕ್ ಕೂರಿಸಿ, ಅದರ ಮೇಲೇ ಹೊರ ವ್ಯಾಸ ತೆಗೆಯಿರಿ. ಹಲ್ಲು ಕೊರೆಯುವುದೂ ಅದೇ ಮ್ಯಾಂಡ್ರೆಲ್ ಮೇಲೆ. ನಡುವೆ ಒಮ್ಮೆ ಬಿಚ್ಚಿ ಮೂರು ದವಡೆ ಚಕ್ಕಿಗೆ ಹಾಕಿದಿರೋ, ಓಟ (ತಿರುಗುವಾಗ ನಡು ತಪ್ಪಿ ಆಡುವುದು) ಬಂತು ಅಂತಲೇ ಅರ್ಥ.

ಹೊರ ವ್ಯಾಸ ಸರಿಯಾಗಿ ತೆಗೆಯಿರಿ. ಕಟರನ್ನು ಬ್ಲ್ಯಾಂಕಿಗೆ ತಾಗಿಸಿ ಅಲ್ಲಿಂದ ಆಳ ಲೆಕ್ಕ ಹಾಕುತ್ತೇವೆ. ವ್ಯಾಸ ತಪ್ಪಿದರೆ ಆಳವೂ ತಪ್ಪುತ್ತದೆ. ಒಂದೇ ಸಂಖ್ಯೆಯ ಎರಡು ಗೇರ್ ಬೇಕಿದ್ದರೆ ಎರಡೂ ಬ್ಲ್ಯಾಂಕ್ ಒಟ್ಟಿಗೆ ಏರಿಸಿ ಕೊರೆಯಿರಿ.

ಕಟರ್ ಯಾವುದು ತರಬೇಕು? ಎಂಟು ನಂಬರ್ ಇದೆಯಲ್ಲ?

ಒಂದು ಮಾಡ್ಯೂಲಿಗೆ ಎಂಟು ಕಟರಿನ ಸೆಟ್ ಬರುತ್ತದೆ, ಒಂದೊಂದು ಕಟರ್ ಇಷ್ಟರಿಂದ ಇಷ್ಟು ಹಲ್ಲಿನ ಗೇರಿಗೆ ಅಂತ: 12–13, 14–16, 17–20, 21–25, 26–34, 35–54, 55–134, ಮತ್ತೆ 135ರಿಂದ ನೇರ ಹಲ್ಲುಪಟ್ಟಿ, ಅಂದರೆ ರ್‍ಯಾಕ್‌ವರೆಗೆ. ಚೇಂಜ್ ಗೇರಿಗೆ 17–20ರಿಂದ 55–134ರವರೆಗಿನ ಐದು ಸಾಕು. ಒಂದೆರಡೇ ಗೇರ್ ಮಾಡುವುದಾದರೆ ಬಿಡಿ ಕಟರ್ ತನ್ನಿ. 63ಕ್ಕೂ 127ಕ್ಕೂ ಒಂದೇ ಕಟರ್, 55–134ರದು.

ಕೊಳ್ಳುವಾಗ ಎಚ್ಚರ: ಡಿಪಿ ಕಟರಿನಲ್ಲಿ 1ನೇ ನಂಬರ್ ಅಂದರೆ 135ರಿಂದ ರ್‍ಯಾಕ್, 8 ಅಂದರೆ 12–13. ಮಾಡ್ಯೂಲ್ ಕಟರಿನಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು, 1 ಅಂದರೆ 12–13. ಅಂಗಡಿಯಲ್ಲಿ ‘ಮೂರನೇ ನಂಬರ್ ಕೊಡಿ’ ಅನ್ನಬೇಡಿ. ಹಲ್ಲಿನ ಸಂಖ್ಯೆ ಹೇಳಿ, ಕಟರಿನ ಮೇಲೆ ಕೆತ್ತಿರುವುದನ್ನು ಓದಿ, ಪ್ರೆಶರ್ ಆಂಗಲ್ ನೋಡಿ, ಆಮೇಲೆ ದುಡ್ಡು ಕೊಡಿ.

ಕಟರ್ ಸಿಗಲಿಲ್ಲ, ಅಥವಾ ಬೆಲೆ ಜಾಸ್ತಿ. ಬೇರೆ ದಾರಿ?

ಫ್ಲೈ ಕಟರ್. ಒಂದು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್ಟನ್ನು ಹಲ್ಲಿನ ಸಂದಿನ ಆಕಾರಕ್ಕೆ ಸಾಣೆ ಹಿಡಿದು ಆರ್ಬರಿನಲ್ಲಿ ಕೂರಿಸುವುದು. ಆಕಾರಕ್ಕೆ ಮಾದರಿ ನಿಮ್ಮ ಬಳಿಯೇ ಇದೆ, ಸೆಟ್ಟಿನಲ್ಲಿ ಉಳಿದಿರುವ ಒಳ್ಳೆಯ ಗೇರ್. 45 ಬೇಕಿದ್ದರೆ 40 ಅಥವಾ 50ರ ಸಂದು ಸಾಕು. ಅದರ ಸವೆಯದ ಸಂದಿನಲ್ಲಿ ಬಿಟ್ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಬೆಳಕಿನ ಗೆರೆ ಎರಡೂ ಕಡೆ ಸಮ ತೆಳ್ಳಗೆ ಕಾಣುವವರೆಗೆ ಸ್ವಲ್ಪ ಸ್ವಲ್ಪವೇ ಉಜ್ಜಿ. ಪಕ್ಕೆಗೆ ಕ್ಲಿಯರೆನ್ಸ್ ಕೊಡಲು ಮರೆಯಬೇಡಿ.

ಆಕಾರ ಲೆಕ್ಕ ಹಾಕಿಯೇ ಮಾಡುತ್ತೇನೆ ಅನ್ನುವವರಿಗೆ ಒಂದು ಸುಳಿವು. ಪಿಚ್ ವೃತ್ತದ ಹತ್ತಿರ ಹಲ್ಲಿನ ಪಕ್ಕೆಯ ಬಾಗು ಒಂದು ವೃತ್ತದ ತುಂಡಿಗೆ ಬಹಳ ಹತ್ತಿರ. ಅದರ ತ್ರಿಜ್ಯ ಅಂದರೆ ಪಿಚ್ ವ್ಯಾಸದ ಅರ್ಧ, ಗುಣಿಸು ಕೋನದ ಸೈನ್. 40 ಹಲ್ಲು, 1.25 ಮಾಡ್ಯೂಲ್, 20 ಡಿಗ್ರಿಗೆ 8.55 ಮಿಮೀ.

ಎರಕದ ಕಬ್ಬಿಣ, ಅಲ್ಯೂಮಿನಿಯಂ, ಡೆಲ್ರಿನ್ ಮೂರರಲ್ಲೂ ಫ್ಲೈ ಕಟರ್ ಚೆನ್ನಾಗಿ ನಡೆಯುತ್ತದೆ. ಇಎನ್ 8ರಲ್ಲಿ ಮೂರು ನಾಲ್ಕು ಸಲಕ್ಕೆ ಆಳ ಇಳಿಸಿ, ನಿಧಾನ ಫೀಡ್ ಕೊಡಿ.

ಹಲ್ಲು ಸಮನಾಗಿ ಹಂಚುವುದು ಹೇಗೆ?

40:1 ಡಿವೈಡಿಂಗ್ ಹೆಡ್ (ಹ್ಯಾಂಡಲ್ 40 ಸುತ್ತು ತಿರುಗಿದರೆ ಬ್ಲ್ಯಾಂಕ್ ಒಂದು ಸುತ್ತು) ಇದ್ದರೆ 40ನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಿ. 45 ಹಲ್ಲಿಗೆ 8/9 ಸುತ್ತು, ಅಂದರೆ 18 ತೂತಿನ ವೃತ್ತದಲ್ಲಿ 16 ತೂತು. 38ಕ್ಕೆ ಒಂದು ಸುತ್ತು ಮತ್ತು 19ರಲ್ಲಿ ಒಂದು ತೂತು. 63 ಮಾತ್ರ ಇದರಲ್ಲಿ ಸುಲಭಕ್ಕೆ ಬರುವುದಿಲ್ಲ, 63 ತೂತಿನ ವೃತ್ತ ಮಾಮೂಲಿ ಪ್ಲೇಟಿನಲ್ಲಿ ಇಲ್ಲ. ಆದರೆ 90:1 ರೋಟರಿ ಟೇಬಲ್ಲಿನಲ್ಲಿ ಅದೇ 63 ಸಲೀಸು: ಒಂದು ಸುತ್ತು ಮತ್ತು 21ರ ವೃತ್ತದಲ್ಲಿ 9 ತೂತು.

ಡಿವೈಡಿಂಗ್ ಹೆಡ್ ಇಲ್ಲವೇ? ಇರುವ ಗೇರೇ ಇಂಡೆಕ್ಸ್ ಪ್ಲೇಟ್. 60 ಹಲ್ಲಿನ ಗೇರನ್ನು ಮ್ಯಾಂಡ್ರೆಲಿನ ಹಿಂತುದಿಗೆ ಹಾಕಿ, ಸಂದಿಗೆ ಹೊಂದುವ ಒಂದು ಲಾಚ್ ಮಾಡಿಕೊಂಡರೆ 60, 30, 20 ಹಲ್ಲು ಕೊರೆಯಬಹುದು. ಮುರಿದ ಗೇರಿನ ಅದೇ ಸಂಖ್ಯೆಯ ಇನ್ನೊಂದು ಗೇರ್ ಪರಿಚಯದ ವರ್ಕ್‌ಶಾಪಿನಲ್ಲಿದ್ದರೆ ಒಂದು ದಿನಕ್ಕೆ ಕೇಳಿ ತನ್ನಿ, ಮಾಡ್ಯೂಲ್ ಬೇರೆ ಇದ್ದರೂ ಪರವಾಗಿಲ್ಲ.

127ಕ್ಕೆ ಹಳೆಯ ಉಪಾಯ ಒಂದಿದೆ. ಸುಮಾರು 404 ಮಿಮೀ ವ್ಯಾಸದ ಪ್ಲೈವುಡ್ ಚಕ್ರ ಮಾಡಿ, ಅದರ ಸುತ್ತ ಸ್ಟೀಲ್ ಟೇಪ್ ಸುತ್ತಿ. ಟೇಪಿನ 1270 ಮಿಮೀ ಗುರುತು ಸೊನ್ನೆಯ ಮೇಲೆ ಸರಿಯಾಗಿ ಕೂರುವವರೆಗೆ ಚಕ್ರವನ್ನು ಸ್ವಲ್ಪ ಸ್ವಲ್ಪ ಉಜ್ಜಿ. ಆಮೇಲೆ ಪ್ರತಿ 10 ಮಿಮೀಗೆ ಒಂದು ಹಲ್ಲು. ಗುರುತು ಹಿಡಿಯುವುದರಲ್ಲಿ ಕಾಲು ಮಿಮೀ ತಪ್ಪಿದರೂ 1 ಮಾಡ್ಯೂಲ್ ಗೇರಿನ ಹಲ್ಲಿನ ಬಳಿ ಅದು 0.08 ಮಿಮೀಗೆ ಇಳಿದಿರುತ್ತದೆ.

ಸ್ಟೆಪರ್ ಮೋಟಾರ್, ಆರ್ಡುಯಿನೊ ಬಲ್ಲವರಿಗೆ ಇದೆಲ್ಲ ಬೇಕಿಲ್ಲ. 200 ಸ್ಟೆಪ್ ಮೋಟಾರಿಗೆ 16 ಮೈಕ್ರೋಸ್ಟೆಪ್, 90:1 ಟೇಬಲ್ ಅಂದರೆ ಸುತ್ತಿಗೆ 2,88,000 ಪಲ್ಸ್. 127ಕ್ಕೆ ಹಂಚಿದರೆ ಹಲ್ಲಿಗೆ 2267.72. ಇಲ್ಲಿ ಪ್ರೋಗ್ರಾಂ ಬರೆಯುವವರು ಪ್ರತಿ ಹಲ್ಲಿಗೂ 2268 ಕೂಡಿಸುತ್ತಾ ಹೋದರೆ ಕೊನೆಗೆ 36 ಪಲ್ಸ್ ಜಾಸ್ತಿಯಾಗಿ ಕೊನೆಯ ಸಂದು 0.05 ಮಿಮೀ ಸರಿದಿರುತ್ತದೆ. ಪ್ರತಿ ಹಲ್ಲಿನ ಸ್ಥಾನವನ್ನೂ ಸೊನ್ನೆಯಿಂದಲೇ ಲೆಕ್ಕ ಹಾಕಿಸಿ, ಆಗ ತಪ್ಪು ಬೆಳೆಯುವುದಿಲ್ಲ.

ಹಲ್ಲು ಕೊರೆಯುವ ಕ್ರಮ ಹೇಳಿ.

ಕಟರ್ ಬ್ಲ್ಯಾಂಕಿನ ನಟ್ಟನಡುವೆ ಇರಬೇಕು. ನಡು ತಪ್ಪಿದರೆ ಹಲ್ಲು ಒಂದು ಕಡೆಗೆ ವಾಲುತ್ತದೆ. ಹೈಟ್ ಗೇಜಿನಲ್ಲಿ ಬ್ಲ್ಯಾಂಕಿನ ಮೇಲೆ ಒಂದು ಗೆರೆ ಎಳೆದು, ಅರ್ಧ ಸುತ್ತು ತಿರುಗಿಸಿ ಅದೇ ಎತ್ತರದಲ್ಲಿ ಇನ್ನೊಂದು ಎಳೆಯಿರಿ. ಎರಡು ಗೆರೆಯ ನಟ್ಟನಡುವೆ ಕಟರ್ ತನ್ನಿ.

ಈಗ ಮುಖ್ಯವಾದದ್ದು. ಪೂರ್ತಿ ಆಳಕ್ಕೆ ಹೋಗುವ ಮೊದಲು ಎಲ್ಲ ಹಲ್ಲಿನ ಜಾಗದಲ್ಲೂ ಬರೀ ಒಂದು ಗೀರು ಹಾಕುತ್ತಾ ಸುತ್ತು ಮುಗಿಸಿ. ಕೊನೆಯ ಗೀರು ಮೊದಲನೆಯದರ ಮೇಲೆ ಬಿದ್ದರೆ ಲೆಕ್ಕ ಸರಿ. ಗೀರುಗಳನ್ನು ಎಣಿಸಿ, ಮಾರ್ಕರಿನಲ್ಲಿ ಹತ್ತಕ್ಕೊಂದು ಚುಕ್ಕೆ ಇಡಿ. ತಪ್ಪಿದ್ದರೆ ಈಗಲೇ ಗೊತ್ತಾಗುತ್ತದೆ, ಗೀರು ಅಳಿಸಿ ಮತ್ತೆ ಶುರು ಮಾಡಬಹುದು. ಹ್ಯಾಂಡಲನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ. ತೂತು ದಾಟಿ ಹೋದರೆ ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ. ಡಿವೈಡಿಂಗ್ ಮಾಡುವಾಗ ಫೋನ್ ದೂರ ಇಡಿ.

ಆಳ ಮಾಡ್ಯೂಲಿನ 2.25 ಪಟ್ಟು. 1.25ಕ್ಕೆ 2.81 ಮಿಮೀ. ಕಟರಿನ ಮೇಲೆ ಆಳ ಕೆತ್ತಿದ್ದರೆ ಅದನ್ನೇ ಹಿಡಿಯಿರಿ. ಮೊದಲ ಸುತ್ತು 2.5 ಮಿಮೀ, ಎರಡನೆಯದು ಉಳಿದದ್ದು. 50 ಮಿಮೀ ವ್ಯಾಸದ ಎಚ್‌ಎಸ್‌ಎಸ್ ಕಟರ್ ಇಎನ್ 8ರಲ್ಲಿ ನಿಮಿಷಕ್ಕೆ 150 ಸುತ್ತಿನ ಆಸುಪಾಸು ಇರಲಿ, ಕಟ್ಟಿಂಗ್ ಆಯಿಲ್ ಬಿಡಿ. ಎರಕದ ಕಬ್ಬಿಣಕ್ಕೆ ಎಣ್ಣೆ ಬೇಡ.

ಬಿಚ್ಚುವ ಮೊದಲು ಅಳೆಯಿರಿ. 40 ಹಲ್ಲು, 1.25 ಮಾಡ್ಯೂಲ್, 20 ಡಿಗ್ರಿಗೆ ಐದು ಹಲ್ಲಿನ ಮೇಲಿನ ಅಳತೆ 17.31 ಮಿಮೀ. ಸ್ವಲ್ಪ ಸಡಿಲ ಇರಲಿ ಅಂತ 17.25ಕ್ಕೆ ನಿಲ್ಲಿಸಿ. ಅಳತೆ ಜಾಸ್ತಿ ಇದ್ದರೆ ಎಷ್ಟು ಇಳಿಸಬೇಕು? 0.2 ಮಿಮೀ ಆಳ ಇಳಿಸಿದರೆ ಅಳತೆ 0.14 ಕಡಿಮೆಯಾಗುತ್ತದೆ. ಈ ಲೆಕ್ಕ ಗೊತ್ತಿದ್ದರೆ ಅಂದಾಜಿನ ಕೆಲಸ ತಪ್ಪುತ್ತದೆ.

ನನ್ನ ಬಳಿ ಮಿಲ್ಲಿಂಗ್ ಮಶಿನ್ ಇಲ್ಲ, ಲೇತ್ ಒಂದೇ. ಆಗುತ್ತದಾ?

ಆಗುತ್ತದೆ. ಕ್ರಾಸ್ ಸ್ಲೈಡ್ ಮೇಲೆ ವರ್ಟಿಕಲ್ ಸ್ಲೈಡ್ ಕೂರಿಸಿ ಅದರಲ್ಲಿ ಬ್ಲ್ಯಾಂಕ್, ಸ್ಪಿಂಡಲಿನಲ್ಲಿ ಕಟರ್ ಹಾಕುವುದು ಒಂದು ದಾರಿ.

ಇನ್ನೊಂದು ದಾರಿಯಲ್ಲಿ ಮೋಟಾರೇ ಬೇಡ. ಬ್ಲ್ಯಾಂಕ್ ಚಕ್ಕಿನಲ್ಲಿ, ಆಕಾರ ಕೊಟ್ಟ ಟೂಲ್ ಅಡ್ಡ ಮಲಗಿಸಿ ಟೂಲ್ ಪೋಸ್ಟಿನಲ್ಲಿ. ಸ್ಪಿಂಡಲ್ ಲಾಕ್ ಮಾಡಿ, ಕ್ಯಾರೇಜನ್ನು ಕೈಯಿಂದ ಹಿಂದೆ ಮುಂದೆ ಓಡಿಸುತ್ತಾ ಶೇಪರ್ ಥರ ಹೆರೆಯುವುದು. ಡೆಲ್ರಿನ್, ಹೈಲಮ್, ಅಲ್ಯೂಮಿನಿಯಂಗೆ ಚೆನ್ನಾಗಿ ನಡೆಯುತ್ತದೆ. ಎರಕದ ಕಬ್ಬಿಣಕ್ಕೆ ಒಂದು ಎಳೆತಕ್ಕೆ 0.05 ಮಿಮೀ ಮೀರಬೇಡಿ. ಕೀ ವೇ ಕೂಡ ಹೀಗೇ, ಬೋರಿಂಗ್ ಬಾರಿನಲ್ಲಿ ಚೌಕ ಟೂಲ್ ಕಟ್ಟಿ ಹೆರೆದುಕೊಳ್ಳಬಹುದು. ತೋಳಿಗೆ ಕೆಲಸ ಇದೆ, ಆದರೆ ಬರುವ ಗೇರ್ ಚೊಕ್ಕ.

3ಡಿ ಪ್ರಿಂಟ್ ಮಾಡಿದರೆ ಸಾಲದೇ?

ಎಷ್ಟೋ ಸಲ ಸಾಕು. ಒಂದು ಅಪರೂಪದ ಪಿಚ್ಚಿಗೆ ವರ್ಷಕ್ಕೊಮ್ಮೆ ಬೇಕಾಗುವ ಗೇರಿಗೆ ಲೋಹ ಕೊರೆಯುತ್ತಾ ಕೂರುವುದು ಅನಗತ್ಯ. ಮಲಗಿಸಿ ಪ್ರಿಂಟ್ ಮಾಡಿ, ಒಳಗೆ ಪೂರ್ತಿ ತುಂಬಿಸಿ. ಕೆಳಗಿನ ಮೊದಲ ಪದರ ಹಿಗ್ಗಿರುತ್ತದೆ, ಅದನ್ನು ಅರದಿಂದ ತೆಗೆಯಿರಿ. ಬೋರ್ ಯಾವಾಗಲೂ ಚಿಕ್ಕದಾಗಿ ಬರುತ್ತದೆ, ರೀಮರ್ ಹಾಕಿ.

ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ, ಮೋಟಾರ್ ಪಕ್ಕದಲ್ಲಿ, ಅದನ್ನು ನಂಬುವುದು ಬೇಡ. ಅಲ್ಲಿಗೆ ನೈಲಾನ್ ನೋಡಿ.

ಒಂದೇ ಹಲ್ಲು ಮುರಿದಿದೆ. ಇಡೀ ಗೇರ್ ಮಾಡಬೇಕಾ?

ಬೇಡ. ಮುರಿದ ಹಲ್ಲಿನ ಜಾಗದಲ್ಲಿ ಒಂದು ತೋಡು ಮಾಡಿ, ಅದರೊಳಗೆ ಬಿಗಿಯಾಗಿ ಕೂರುವ ಉಕ್ಕಿನ ತುಂಡು ಇಟ್ಟು ಬ್ರೇಝಿಂಗ್ ಮಾಡಿಸಿ. ಆಮೇಲೆ ಆ ಒಂದು ಹಲ್ಲನ್ನು ಕಟರಿನಲ್ಲಿ, ಇಲ್ಲವೇ ಅರದಿಂದ, ಪಕ್ಕದ ಹಲ್ಲು ನೋಡಿಕೊಂಡು ಆಕಾರಕ್ಕೆ ತನ್ನಿ. ಎರಕದ ಕಬ್ಬಿಣದ ಗೇರನ್ನು ಮೊದಲು ನಿಧಾನಕ್ಕೆ ಬಿಸಿ ಮಾಡಿ, ಆಮೇಲೂ ನಿಧಾನಕ್ಕೆ ಆರಲು ಬಿಡಬೇಕು. ಗಡಿಬಿಡಿ ಮಾಡಿದರೆ ಬಿರುಕು ಬಿಡುತ್ತದೆ. ಅಕ್ಕಪಕ್ಕದ ಮೂರು ನಾಲ್ಕು ಹಲ್ಲು ಹೋಗಿದ್ದರೆ ಮಾತ್ರ ಹೊಸದೇ ವಾಸಿ.

ಜೋಡಿಸಿದ ಮೇಲೆ ಸದ್ದು ಬರುತ್ತಿದೆ. ಏನು ಮಾಡಲಿ?

ಹತ್ತರಲ್ಲಿ ಎಂಟು ಸಲ ಗೇರ್ ಸರಿ ಇರುತ್ತದೆ, ಕೂರಿಸಿದ್ದು ಬಿಗಿಯಾಗಿರುತ್ತದೆ. ಎರಡು ಗೇರಿನ ನಡುವೆ ಒಂದು ತುಂಡು ಪೇಪರ್ ಇಟ್ಟು ಒತ್ತಿ ಹಿಡಿದು ಸ್ಟಡ್ ಬಿಗಿ ಮಾಡಿ. ಆಮೇಲೆ ಕೈಯಿಂದ ತಿರುಗಿಸಿ ಪೇಪರ್ ಹೊರಗೆ ತೆಗೆಯಿರಿ. ಅದರ ಮೇಲೆ ಹಲ್ಲಿನ ಮಡಿಕೆ ಇರಬೇಕು, ಹರಿದಿರಬಾರದು. ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲಾದರೂ ಬಿಗಿಯುತ್ತದಾ ನೋಡಿ. ಹಲ್ಲಿನ ಅಂಚಿನ ಬರ್ ತೆಗೆದಿದ್ದೀರಾ ಅಂತಲೂ ನೋಡಿಕೊಳ್ಳಿ.

ಸರಿಯಾದ ಪಿಚ್ ಬರುತ್ತಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಥ್ರೆಡ್ ಕೊರೆಯುವ ಅಗತ್ಯವೇ ಇಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಜೋಡಿಸುವ ಹಾಫ್ ನಟ್ ಹಾಕಿ, ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಸಡಿಲ ತೆಗೆದುಕೊಳ್ಳಿ. ಡಯಲ್ ಗೇಜ್ ಸೊನ್ನೆ ಮಾಡಿ, ಹತ್ತು ಸುತ್ತು ತಿರುಗಿಸಿ. 2 ಮಿಮೀ ಪಿಚ್ಚಾದರೆ ಕ್ಯಾರೇಜ್ 20 ಮಿಮೀ ಹೋಗಬೇಕು. ಗೇಜಿನ ಓಟ ಸಾಲದಿದ್ದರೆ ಐದು ಸುತ್ತು. 45ರ ಬದಲು 44 ಹಲ್ಲು ಆಗಿದ್ದರೆ 20 ಮಿಮೀಗೆ ಅರ್ಧ ಮಿಮೀಯಷ್ಟು ವ್ಯತ್ಯಾಸ ಕಾಣುತ್ತದೆ, ಮುಚ್ಚಿಡಲು ಆಗುವುದೇ ಇಲ್ಲ.

ಹೊರಗೆ ಮಾಡಿಸಿದರೆ ಏನೇನು ಹೇಳಬೇಕು?

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗಿನಲ್ಲೋ ‘ಗೇರ್ ಕಟ್ಟಿಂಗ್’ ಅಂತ ಬೋರ್ಡ್ ಇರುವ ಶೆಡ್ಡಿಗೆ ಹೋದರೆ ಹಾಬಿಂಗ್ ಮಶಿನಿನಲ್ಲಿ ಮಾಡಿಕೊಡುತ್ತಾರೆ. ಹಾಬಿಂಗಿನಲ್ಲಿ ಒಂದು ಮಾಡ್ಯೂಲಿಗೆ ಒಂದೇ ಹಾಬ್ (ತಿರುಪಿನ ಆಕಾರದ ಕಟರ್), ಎಷ್ಟು ಹಲ್ಲಾದರೂ ಬರುತ್ತದೆ. ಬ್ಲ್ಯಾಂಕ್ ನೀವೇ ಮಾಡಿಕೊಂಡು ಹೋದರೆ ಖರ್ಚು ಕಡಿಮೆ. ಹಲ್ಲಿನ ಸಂಖ್ಯೆ, ಮಾಡ್ಯೂಲ್ ಅಥವಾ ಡಿಪಿ, ಪ್ರೆಶರ್ ಆಂಗಲ್, ಅಗಲ ನಾಲ್ಕನ್ನೂ ಕಾಗದದಲ್ಲಿ ಬರೆದು ಕೊಡಿ, ಜೊತೆಗೆ ಒಂದು ಮಾದರಿ ಗೇರ್. ‘1.25 ಹಾಕಿ ಬಿಡ್ತೀವಿ ಸಾರ್, ಅಡ್ಜಸ್ಟ್ ಆಗುತ್ತೆ’ ಅಂದರೆ ಒಪ್ಪಬೇಡಿ. ನಿಮ್ಮದು 20 ಡಿಪಿಯಾದರೆ ಅದು ಅಡ್ಜಸ್ಟ್ ಆಗುವುದಿಲ್ಲ. ಹದಿನಾಲ್ಕೂವರೆ ಡಿಗ್ರಿಯ ಡಿಪಿ ಹಾಬ್ ಇದೆಯಾ ಅಂತ ಮೊದಲೇ ಕೇಳಿಕೊಂಡು ಹೋಗಿ.

ಗೇರ್ ಮೇಲೆ ಏನಾದರೂ ಗುರುತು ಹಾಕಬೇಕಾ?

ಹಾಕಲೇಬೇಕು. ನಂಬರ್ ಪಂಚಿನಲ್ಲಿ ಹಲ್ಲಿನ ಸಂಖ್ಯೆ, ಅದರ ಕೆಳಗೆ ಮಾಡ್ಯೂಲ್ ಅಥವಾ ಡಿಪಿ. ಪಂಚನ್ನು ಬೋರಿನ ಹತ್ತಿರ ಹೊಡೆಯಿರಿ. ಹಲ್ಲಿನ ಹತ್ತಿರ ಹೊಡೆದರೆ ಅಂಚು ಉಬ್ಬುತ್ತದೆ. ಡೆಲ್ರಿನ್ ಆದರೆ ಕೆತ್ತಿ ಬರೆಯಿರಿ. ಆಮೇಲೆ ಎಣ್ಣೆ ಸವರಿ, ಒಂದು ಉದ್ದದ ಬೋಲ್ಟಿಗೆ ಸಾಲಾಗಿ ಪೋಣಿಸಿ, ಲೇತಿನ ಪಕ್ಕದ ಗೋಡೆಗೆ ತೂಗುಹಾಕಿ.